‘ಮೊದಲು’ ಎಂದು ಬರೆದ ತಲೆ

ಆ ಬೀದಿಯಲ್ಲಿ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಅವಳನ್ನು ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಕಣ್ಣು ಪರೀಕ್ಷೆ ಮಾಡುವ ಡಾಕ್ಟರು ಬೇರೆ ಇದ್ದರು, ಅವರು ವಾರಕ್ಕೆರಡು ಬಾರಿ ಅಂಗಡಿಗೆ ಬಂದು ನಂಬರು ಬರೆದುಕೊಟ್ಟು ಹೋಗುತ್ತಿದ್ದರು. ಆ ನಂಬರಿನ ಗಾಜನ್ನು ಫ್ರೇಮಿಗೆ ಕೂಡಿಸಿ, ಫ್ರೇಮು ಮೂಗಿನ ಮೇಲಿಂದ ಜಾರದಂತೆ, ಕಿವಿಯ ಹಿಂದೆ ಒತ್ತದಂತೆ, ಒಂದು ಕಣ್ಣಿಗೆ ಏರಿ ಇನ್ನೊಂದಕ್ಕೆ ಇಳಿಯದಂತೆ ಮಾಡುವ ಹೊಣೆ ಅವಳದು. ಫ್ರೇಮಿನ ಕಡ್ಡಿಯನ್ನು ಬಿಸಿ ಗಾಳಿಗೆ ಹಿಡಿದು, ಅದು ಮೆತ್ತಗಾದ ಕ್ಷಣ ನೋಡಿ, ಹೆಬ್ಬೆರಳಿನಿಂದ ಇಷ್ಟೇ ಇಷ್ಟು ಬಗ್ಗಿಸುತ್ತಿದ್ದಳು. ಗಿರಾಕಿಗೆ ಒಪ್ಪದ ಫ್ರೇಮನ್ನು ಒಪ್ಪುತ್ತದೆ ಎಂದು ಪುಸಲಾಯಿಸಿ ಮಾರುವ ಅಭ್ಯಾಸ ಅವಳಿಗಿರಲಿಲ್ಲ. “ಇದು ಬೇಡ, ಮುಖ ಜೋತುಬಿದ್ದ ಹಾಗೆ ಕಾಣುತ್ತೆ” ಎಂದು ಮುಲಾಜಿಲ್ಲದೆ ಹೇಳಿಬಿಡುತ್ತಿದ್ದಳು. ಅಂಗಡಿಯ ಯಜಮಾನರಿಗೆ ಇದನ್ನು ಕೇಳಿದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಆದರೆ ಹಾಗೆ ಹೇಳಿಸಿಕೊಂಡವರೇ ಮುಂದಿನ ಸಲ ಅಣ್ಣತಮ್ಮಂದಿರನ್ನೂ ಕರೆದುಕೊಂಡು ಬರುತ್ತಿದ್ದುದರಿಂದ ಬಾಯಿ ಮುಚ್ಚಿಕೊಂಡಿರುತ್ತಿದ್ದರು.

ಅವಳ ಕೂದಲಿಗೆ ಗುಂಗುರು ಎಂಬ ಮಾತು ಸಾಲದು. ಸಣ್ಣ ಸಣ್ಣ ಸುರುಳಿ, ಒಂದರೊಳಗೊಂದು ಸಿಕ್ಕು, ಮೇಲೇಳುವುದೂ ಅಗಲವಾಗುವುದೂ ಬಿಟ್ಟರೆ ಕೆಳಗಿಳಿಯುವ ಮಾತೇ ಇಲ್ಲ. ಶಾಲೆಯಲ್ಲಿ ಅವಳಷ್ಟು ಗಿಡ್ಡ ಹುಡುಗಿ ಇನ್ನೊಬ್ಬಳಿರಲಿಲ್ಲ. ಆದರೂ ಹಿಂದೆ ಕೂತವರಿಗೆ ಬೋರ್ಡು ಮರೆಯಾಗುತ್ತದೆಂಬ ದೂರಿನ ಮೇಲೆ ಅವಳನ್ನು ಕೊನೆಯ ಬೆಂಚಿಗೆ ಕಳಿಸಿದ್ದರು. ಅಲ್ಲಿ ಕೂತ ಮೇಲೆಯೇ ಅವಳಿಗೆ ದೂರದ್ದು ಕಾಣುವುದಿಲ್ಲ ಎಂಬುದು ಗೊತ್ತಾಗಿದ್ದು, ಕನ್ನಡಕ ಬಂದಿದ್ದು. ಮುಂದೆ ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಆ ಕನ್ನಡಕದ ಸ್ಕ್ರೂಗೆ ಕೂದಲು ಸಿಕ್ಕಿಕೊಂಡು ಕಡ್ಡಿ ಕಳಚಿಬಿತ್ತು. ರಿಪೇರಿಗೆಂದು ಈ ಅಂಗಡಿಗೆ ಬಂದರೆ ಯಜಮಾನರ ಬೆರಳಿಗೆ ಸ್ಕ್ರೂ ನಿಲ್ಲುತ್ತಲೇ ಇಲ್ಲ. ಅವರ ಕೈಯಿಂದ ಇಸಿದುಕೊಂಡು ತಾನೇ ಕೂಡಿಸಿದಳು. “ನಾಳೆಯಿಂದ ಬರ್ತೀಯೇನಮ್ಮಾ” ಎಂದು ಯಜಮಾನರು ಕೇಳಿದರು. ಅಂದು ಒಳಗೆ ಬಂದವಳು ಮದುವೆಯಾದ ಮೇಲೂ, ನಲವತ್ತು ಹತ್ತಿರ ಬಂದರೂ, ಅದೇ ಗಾಜಿನ ಮೇಜಿನ ಹಿಂದೆ ನಿಂತಿದ್ದಳು.

ಇಷ್ಟಾದರೂ ಆ ಕೂದಲಿನ ಮೇಲೆ ಅವಳಿಗೆ ಪ್ರೀತಿಯೇನೂ ಇರಲಿಲ್ಲ. ದಿನ ಬೆಳಗಾದರೆ ಬಾಚಣಿಗೆಯೊಡನೆ ಜಗಳ. ಗಿರಾಕಿಗಳ ಕಿವಿಯ ಬಳಿ ಬಗ್ಗಿ ಅಳತೆ ನೋಡುವಾಗ ಇವಳ ಸುರುಳಿ ಅವರ ಮೂಗಿಗೆ ತಾಗಿ ಸೀನು ಬರುತ್ತಿತ್ತು. ಸ್ವಂತ ಅಕ್ಕನಿಗೋ ನೀರಿಳಿದಂಥ ನೇರ ಕೂದಲು. ಅವಳು ಮನೆಗೆ ಬಂದಾಗಲೆಲ್ಲ ತಂಗಿಯ ತಲೆಯನ್ನೊಮ್ಮೆ ನೋಡಿ ನಿಟ್ಟುಸಿರು ಬಿಡುತ್ತಿದ್ದಳು. “ನಿಮ್ಮಂಗಡಿ ಎದುರಿಗೇ ಸಲೂನ್ ಬಂದಿದೆಯಲ್ಲೇ. ಸ್ಮೂತನಿಂಗ್ ಅಂತ ಕೂದ್ಲು ನೇರ ಮಾಡ್ತಾರೆ, ಮಾಡಿಸ್ಕೊಂಡು ಮನುಷ್ಯಳ ಹಾಗೆ ಇರು” ಎಂದು ಈಚೆಗೆ ಶುರುಮಾಡಿದ್ದಳು. ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಅವನನ್ನು ಕೇಳಿದರೆ, “ನಿನ್ನ ತಲೆ, ನಿನ್ನಿಷ್ಟ” ಎಂದುಬಿಟ್ಟ. ಈ ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ, ಉಪಯೋಗವೂ ಇರಲಿಲ್ಲ.

ಕೊನೆಗೊಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಅವಳು ಬೀದಿ ದಾಟಿ ಸಲೂನಿನ ಬಾಗಿಲು ತಳ್ಳಿದಳು. ನಿಜವಾಗಿಯೂ ಮಾಡಿಸಿಕೊಳ್ಳುವ ಮನಸ್ಸಿತ್ತು, ಇದನ್ನು ಮರೆಮಾಚುವಂಥದ್ದೇನೂ ಇಲ್ಲ.

ಒಡತಿ ಅವಳ ವಯಸ್ಸಿನವಳೇ. ಹೆಗಲ ಮೇಲೆ ಒಂದೆಳೆ ಅತ್ತಿತ್ತ ಆಗದ ಕೂದಲು. ಕನ್ನಡಕದಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಕ್ಲಿಪ್ಪು ಬಿಚ್ಚಿ, ಸುರುಳಿಗಳೊಳಗೆ ಬೆರಳಾಡಿಸಿ, ರೋಗಿಯ ನಾಡಿ ಹಿಡಿದವಳಂತೆ ತಲೆಯಾಡಿಸಿದಳು. “ತುಂಬಾ ಹಾಳಾಗಿದೆ ಮೇಡಂ. ಆದ್ರೆ ನಮ್ಮ ಕೈಲಿ ಆಗದೇ ಇರೋದೇನಿಲ್ಲ.”

“ಎಷ್ಟು ದಿನ ನಿಲ್ಲುತ್ತೆ?” ಎಂದು ಕನ್ನಡಕದಕ್ಕ ಕೇಳಿದಳು.

“ಅದು ನೀವು ಹ್ಯಾಗೆ ನೋಡ್ಕೊಳ್ತೀರಿ ಅನ್ನೋದರ ಮೇಲೆ.”

“ಚೆನ್ನಾಗೇ ನೋಡ್ಕೊಂಡ್ರೆ?”

“ಚೆನ್ನಾಗೇ ನಿಲ್ಲುತ್ತೆ.”

“ಬುಡದಿಂದ ಹೊಸ ಕೂದ್ಲು ಬರುತ್ತಲ್ಲ, ಅದು?”

“ಅದಕ್ಕೆಲ್ಲ ಈಗಲೇ ಯಾಕೆ ತಲೆ ಕೆಡಿಸ್ಕೊಳ್ತೀರಿ ಮೇಡಂ.”

ಕ್ರೀಮಿನಲ್ಲಿ ಏನಿದೆ ಎಂದದ್ದಕ್ಕೆ ಎಲ್ಲಾ ಪ್ರೋಟೀನ್ ಎಂಬ ಉತ್ತರ ಬಂತು. ಪಕ್ಕದ ಕುರ್ಚಿಯಲ್ಲಿ ಯಾರಿಗೋ ಅದೇ ಕ್ರೀಮು ಹಚ್ಚಿ, ಇಸ್ತ್ರಿಯಂಥ ಇಕ್ಕುಳದಿಂದ ಎಳೆಯುತ್ತಿದ್ದರು. ಹೊಗೆ ಎದ್ದು ಕಣ್ಣು ಚುರುಗುಟ್ಟುತ್ತಿತ್ತು. ಎಳೆಯುತ್ತಿದ್ದವಳು ಮೂಗು ಬಾಯಿಗೆ ದಪ್ಪ ಮಾಸ್ಕು ಕಟ್ಟಿಕೊಂಡಿದ್ದಳು. ಕುರ್ಚಿಯಲ್ಲಿ ಕೂತವಳಿಗೆ ಮಾಸ್ಕಿರಲಿಲ್ಲ. ಪ್ರೋಟೀನಿಗೆ ಮಾಸ್ಕು ಯಾಕೆ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಒಡತಿ ನಿಯಮಗಳನ್ನು ಒಪ್ಪಿಸತೊಡಗಿದ್ದಳು: ಮಾಡಿಸಿಕೊಂಡ ಮೇಲೆ ಮೂರು ದಿನ ತಲೆಗೆ ನೀರು ತಾಗಬಾರದು, ಕೂದಲು ಕಟ್ಟಬಾರದು, ಕ್ಲಿಪ್ಪು ಹಾಕಬಾರದು, ಕಿವಿಯ ಹಿಂದೆ ಸಿಕ್ಕಿಸಬಾರದು.

“ಕನ್ನಡಕನೂ ಹಾಕ್ಬೇಡಿ. ಕಡ್ಡಿ ಒತ್ತಿದ ಕಡೆ ಮಡಿಕೆ ಬಿದ್ದುಬಿಡುತ್ತೆ.”

“ಕನ್ನಡಕ ಇಲ್ದೇ ನನಗೆ ಗಿರಾಕಿ ಮುಖವೇ ಕಾಣಲ್ಲ. ನಾನು ಎದುರಿಗೆ ಕೆಲಸ ಮಾಡೋದೇ ಕನ್ನಡಕದಂಗಡೀಲಿ.”

“ಮೂರು ದಿನ ರಜೆ ಹಾಕಿ. ಸೌಂದರ್ಯಕ್ಕೆ ಅಷ್ಟೂ ಮಾಡ್ಬಾರ್ದಾ?”

ಹೇಳಿದ ದರ ಅವಳ ಒಂದು ತಿಂಗಳ ಸಂಬಳಕ್ಕೆ ಹೆಚ್ಚುಕಡಿಮೆ ಸಮನಾಗಿತ್ತು. ಯೋಚಿಸಿ ಹೇಳುತ್ತೇನೆಂದು ಎದ್ದಳು. “ಒಂದು ನಿಮಿಷ, ಹಾಗೇ ತಿರುಗಿ ನಿಂತ್ಕೊಳ್ಳಿ. ಎಷ್ಟು ಕ್ರೀಮ್ ಬೇಕಾಗುತ್ತೆ ಅಂತ ನಮ್ಮ ಲೆಕ್ಕಕ್ಕೆ” ಎಂದು ಒಡತಿ ಮೊಬೈಲು ಹಿಡಿದು ಬೆನ್ನ ಹಿಂದಿನಿಂದ ಫೋಟೋ ತೆಗೆದುಕೊಂಡಳು. ಬಿಚ್ಚಿದ ಕೂದಲು ಹೊಗೆಗೂ ಸೆಖೆಗೂ ಇನ್ನಷ್ಟು ಅರಳಿಕೊಂಡು, ಕೆದಕಿದ ಹತ್ತಿಯಂತಾಗಿತ್ತು. ಅವಳು ಏನೂ ಅಂದುಕೊಳ್ಳಲಿಲ್ಲ. ಕ್ಲಿಪ್ಪು ಹಾಕಿಕೊಂಡು ಹೊರಗೆ ಬಂದಳು.

ಯೋಚನೆ ಕೆಲವು ವಾರ ನಡೆಯಿತು. ಕೆಲವು ದಿನ ಮಾಡಿಸಿಯೇಬಿಡೋಣ ಎನ್ನಿಸುತ್ತಿತ್ತು. ಹೊಗೆಯಲ್ಲಿ ಕೂತಿದ್ದವಳ ಕೆಂಪಗಾದ ಕಣ್ಣು ನೆನಪಾದ ದಿನ ಬೇಡವೆನ್ನಿಸುತ್ತಿತ್ತು. ಅಷ್ಟರಲ್ಲಿ ಒಬ್ಬ ಬಸ್ ಡ್ರೈವರ್ ಹೊಸ ಕನ್ನಡಕ ತೆಗೆದುಕೊಳ್ಳಲು ಬಂದ. ದೂರದ ನೋಟದ ಕನ್ನಡಕವಾದರೆ ಗಿರಾಕಿಯನ್ನು ಬಾಗಿಲ ಬಳಿ ನಿಲ್ಲಿಸಿ ಬೀದಿಯ ಆಚೆ ಬದಿಯ ಬೋರ್ಡು ಓದಿಸುವುದು ಅವಳ ರೂಢಿ. ಡ್ರೈವರ್‌ಗೂ ಹಾಗೇ ಹೇಳಿದಳು.

ಅವನು ಶಾಲೆಯ ಹುಡುಗನಂತೆ ನೆಟ್ಟಗೆ ನಿಂತು ಓದಿದ. “ಹುಲ್ಲಿನ ಮೆದೆಯಿಂದ ರೇಷ್ಮೆಗೆ. ಅದರ ಕೆಳಗೆ ಎರಡು ಫೋಟೋ. ಒಂದಕ್ಕೆ ‘ಮೊದಲು’ ಅಂತ ಬರೆದವ್ರೆ, ಇನ್ನೊಂದಕ್ಕೆ ‘ನಂತರ’ ಅಂತ.” ಸ್ವಲ್ಪ ತಡೆದು ಇವಳತ್ತ ತಿರುಗಿದ. “ಆ ಮೊದಲು ಅನ್ನೋದು ನೀವೇ ಅಲ್ವಾ ಅಕ್ಕಾ?”

ಅವಳು ಬಾಗಿಲಿಗೆ ಬಂದು ನೋಡಿದಳು. ಬೆಳಿಗ್ಗೆಯೇ ಹಾಕಿದ ಹೊಸ ಬೋರ್ಡು, ಬಾಗಿಲಿನಷ್ಟು ಎತ್ತರ. ಎಡಗಡೆ ಅವಳ ಬೆನ್ನು, ಅವಳ ತಲೆ. ಬಲಗಡೆ ಕನ್ನಡಿಯಂತೆ ಹೊಳೆಯುವ ಯಾರದೋ ನೇರ ಕೂದಲು. ತನ್ನ ತಲೆಯನ್ನು ಹಿಂದಿನಿಂದ, ಅಷ್ಟು ದೊಡ್ಡದಾಗಿ, ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ.

“ಚೆನ್ನಾಗಿ ಮಾಡವ್ರೆ ಬಿಡಿ” ಎಂದ ಡ್ರೈವರ್. ಆಮೇಲೆ ಇವಳ ತಲೆಯನ್ನೊಮ್ಮೆ ಬೋರ್ಡನ್ನೊಮ್ಮೆ ನೋಡಿ, “ಆದ್ರೆ ಇಷ್ಟು ಬೇಗ ಹಿಂದಕ್ಕೆ ಹೋಗ್ಬಿಡ್ತಾ? ದುಡ್ಡು ವಾಪಸ್ ಕೇಳಿ ಅಕ್ಕಾ, ಬಿಡ್ಬೇಡಿ” ಎಂದು ಕಳಕಳಿಯಿಂದ ಹೇಳಿದ.

ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಬಿಳಿ ಕೋಟು ಬಿಚ್ಚದೆ, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನೂ ಇಡದೆ, ಬೀದಿ ದಾಟಿದಳು. ಸಲೂನು ತುಂಬಿತ್ತು. ನಾಲ್ವರು ಹೆಂಗಸರು ತಲೆಗೆ ಕ್ರೀಮು ಮೆತ್ತಿಸಿಕೊಂಡು ಕೂತಿದ್ದರು. ಕತ್ತು ತಿರುಗಿಸುವ ಹಾಗಿಲ್ಲದೆ ಕಣ್ಣುಗುಡ್ಡೆ ಮಾತ್ರ ಇವಳತ್ತ ಹೊರಳಿಸಿದರು.

“ನನ್ನ ಫೋಟೋ ಯಾಕೆ ಹಾಕಿದ್ದೀರಿ?”

ಒಡತಿ ಕೈಯಲ್ಲಿದ್ದ ಬಾಚಣಿಗೆಯನ್ನು ಕೆಳಗಿಟ್ಟಳು. ಆಮೇಲೆ ನಕ್ಕಳು. “ಅದು ನೀವಲ್ಲ ಮೇಡಂ. ಕ್ರೀಮ್ ಕಂಪನಿಯವ್ರೇ ಕಳಿಸಿರೋ ಫೋಟೋ. ಅದ್ರಲ್ಲಿ ಮುಖ ಎಲ್ಲಿದೆ? ಗುಂಗುರು ಕೂದ್ಲು ಊರಲ್ಲಿ ನಿಮಗೊಬ್ಬರಿಗೇನಾ ಇರೋದು?”

“ಕತ್ತಿನ ಹತ್ರ ಕನ್ನಡಕದ ದಾರ ಕಾಣುತ್ತೆ ನೋಡಿ. ಒಂದು ಬಿಳಿ ಮಣಿ, ಒಂದು ಹಸಿರು. ಒಂದು ಕಡೆ ಎರಡು ಹಸಿರು ಜೊತೆಗೇ ಬಂದಿದೆ. ಪೋಣಿಸೋವಾಗ ನಾನೇ ಮಾಡಿದ ತಪ್ಪು ಅದು.” ಅವಳು ಕತ್ತಿನ ದಾರವನ್ನು ಎಳೆದು ಹಿಡಿದು ತೋರಿಸಿದಳು.

“ಅಂಥ ದಾರ ಎಲ್ಲಾ ಕಡೆ ಸಿಗುತ್ತೆ.”

“ಅದು ನನ್ನ ತಲೆ” ಎಂದು ಕನ್ನಡಕದಕ್ಕ ಧ್ವನಿ ಏರಿಸಿದಳು. “ಹುಲ್ಲಿನ ಮೆದೆ ಅಂತ ಬರೆದಿದ್ದೀರಲ್ಲ, ಅದು ನನ್ನದು.”

ಹೇಳಿದ ಮೇಲೆಯೇ ಅವಳಿಗೆ ತಾನೇನು ಹೇಳಿದೆನೆಂಬುದು ಕಿವಿಗೆ ಬಿದ್ದದ್ದು. ಯಾವುದನ್ನು ಕಳೆದುಕೊಳ್ಳಲು ಇದೇ ಕುರ್ಚಿಗೆ ಬಂದು ಕೂತಿದ್ದಳೋ ಅದು ತನ್ನದೆಂದು ಈಗ ಅಷ್ಟು ಜನರೆದುರು ಹಕ್ಕು ಸಾಧಿಸಬೇಕಾಗಿ ಬಂದಿತ್ತು. ಕ್ರೀಮಿನ ತಲೆಗಳಲ್ಲೊಂದು ಕಿಸಕ್ಕೆಂದಿತು. ಒಡತಿ ಬಾಗಿಲು ತೆರೆದು ಹಿಡಿದು, “ಗಿರಾಕಿಗಳಿದ್ದಾರೆ, ಆಮೇಲೆ ಮಾತಾಡೋಣ” ಎಂದಳು.

ಆಮೇಲೆ ಯಾರೂ ಮಾತಾಡಲಿಲ್ಲ. ಸಂಜೆ ಬೋರ್ಡಿಗೆ ದೀಪ ಹೊತ್ತಿತು, ಅವಳ ತಲೆ ಬೀದಿಗೆಲ್ಲ ಬೆಳಗಿತು. ಅಂಗಡಿಯ ಒಳಗೆ ಇನ್ನೊಂದು ಸಂಕಟ. ಕನ್ನಡಕದ ಅಂಗಡಿಯೆಂದರೆ ಗೋಡೆಗೊಂದು ಕನ್ನಡಿ, ಮೇಜಿಗೊಂದು ಕನ್ನಡಿ. ಎಲ್ಲದರಲ್ಲೂ ಆ ಬೋರ್ಡು. ಯಾರು ಫ್ರೇಮು ಹಾಕಿ ನೋಡಿಕೊಂಡರೂ ಅವರ ಹೆಗಲ ಹಿಂದೆ ಇವಳ ಬೆನ್ನು ನಿಂತಿರುತ್ತಿತ್ತು.

ಮನೆಯಲ್ಲಿ ಗಂಡನಿಗೆ ಮೊಬೈಲಿನಲ್ಲಿ ಬೋರ್ಡಿನ ಚಿತ್ರ ತೋರಿಸಿದಳು. ಅವನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, “ನೀನು ಚೆನ್ನಾಗೇ ಬಂದಿದ್ದೀಯಲ್ಲ” ಎಂದ. ಹೊಗಳಿಕೆಯೇ ಇರಬೇಕು. ಆದರೆ ಆ ಹೊತ್ತಿಗೆ ಅದನ್ನು ಹಾಗೆ ತೆಗೆದುಕೊಳ್ಳುವ ತಾಳ್ಮೆ ಅವಳಲ್ಲಿರಲಿಲ್ಲ. ಅಕ್ಕನಿಗೆ ಫೋನು ಮಾಡಿದರೆ ಅವಳದು ಬೇರೆಯೇ ರಾಗ.

“ಮುಖ ಕಾಣಲ್ಲ ಅಂತೀಯ, ಹೆಸರಿಲ್ಲ ಅಂತೀಯ. ಮತ್ತೇನು ಹೋಯ್ತು ನಿಂದು? ಸುಮ್ನೆ ಹೋಗಿ ಮಾಡಿಸ್ಕೊಂಡ್ಬಿಡು. ಆಗ ಆ ಫೋಟೋ ನಿಂದು ಅಂತ ಯಾರೂ ಅನ್ನಲ್ಲ.”

“ಅಂದ್ರೆ ಅವರ ಸುಳ್ಳನ್ನ ನಿಜ ಮಾಡೋಕೆ ನಾನು ತಲೆ ಕೊಡ್ಬೇಕಾ?”

“ನಿನ್ನ ಹತ್ರ ಮಾತಾಡೋದೇ ಕಷ್ಟ ಕಣೇ” ಎಂದು ಅಕ್ಕ ಫೋನಿಟ್ಟಳು.

ಇವರೆಲ್ಲರಿಗಿಂತ ಮೈಯುರಿಸಿದವರು ಅಂಗಡಿಯ ಯಜಮಾನರು. ಎರಡು ದಿನ ಬಿಟ್ಟು ಅವಳನ್ನು ಒಳಗಿನ ಕೋಣೆಗೆ ಕರೆದರು. ಸಲೂನಿಗೆ ಬಂದವರು ಇತ್ತಲೂ ಬಂದು ಬಣ್ಣದ ಫ್ರೇಮು ಕೊಳ್ಳುತ್ತಾರೆ, ಎದುರುಬದುರಿನವರು ಚೆನ್ನಾಗಿರಬೇಕು, ಎಂದು ಸುತ್ತಿ ಬಳಸಿ ಹೇಳಿ, ಕೊನೆಗೆ ಅಸಲು ಮಾತಿಗೆ ಬಂದರು. “ಸ್ವಲ್ಪ ದಿನ ತಲೆಗೊಂದು ಸ್ಕಾರ್ಫ್ ಕಟ್ಕೊಂಡು ಕೂತ್ಕೊಳ್ಳಮ್ಮಾ. ಬಿಳಿದೇ ಕಟ್ಕೊ, ಕೋಟಿಗೆ ಹೊಂದುತ್ತೆ. ಜನ ಹೋಲಿಸಿ ನೋಡೋದು ನಿಲ್ಲುತ್ತೆ.”

ಅವಳು ಅವರನ್ನೇ ನೋಡುತ್ತ ನಿಂತಳು. ಇಷ್ಟು ವರ್ಷ ಅವರ ಅಂಗಡಿಯ ಒಂದೊಂದು ಸ್ಕ್ರೂ ಅವಳ ಬೆರಳ ಮೇಲೆ ಹಾದುಹೋಗಿತ್ತು. “ಕದ್ದವರು ದೀಪ ಹಾಕ್ಕೊಂಡು ತೋರಿಸ್ತಾರೆ. ನಾನು ಬಟ್ಟೆ ಸುತ್ಕೊಂಡು ಮುಚ್ಚಿಡ್ಬೇಕಾ ಸಾರ್?” ಎಂದಳು. ಯಜಮಾನರು ಮೇಜಿನ ಮೇಲಿನ ಒರೆಸುವ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ಮರುದಿನ ಅವಳು ಕ್ಲಿಪ್ಪನ್ನೂ ಹಾಕಲಿಲ್ಲ. ಇದ್ದ ಕೂದಲನ್ನೆಲ್ಲ ಬಿಟ್ಟುಕೊಂಡು ಬಾಗಿಲಿಗೆ ಹತ್ತಿರದ ಮೇಜಿನಲ್ಲಿ ಕೂತಳು. ಯಾವ ಹಂಚಿಕೆಯೂ ಇರಲಿಲ್ಲ, ಬರೀ ಸಿಟ್ಟು. ಆದರೆ ಬೀದಿಯ ಜನ ನೋಡುತ್ತಿದ್ದರು. ಔಷಧಿ ಅಂಗಡಿಯ ಹುಡುಗಿ ಬಂದು ಕೇಳಿದಳು: “ಅಕ್ಕಾ, ನಿಮಗೆ ಮಾಡಿದ್ದು ನಿಲ್ಲಲಿಲ್ವಾ?”

“ನನಗೆ ಮಾಡೇ ಇಲ್ಲ.”

“ಮತ್ತೆ ಬೋರ್ಡಲ್ಲಿ?”

“ಅದನ್ನ ಅವರನ್ನೇ ಕೇಳಿ.”

ಬ್ಯಾಂಕಿನ ಹೆಂಗಸೊಬ್ಬಳು ಕೇಳಿದಳು, ಹೂವಿನಂಗಡಿಯವಳು ಕೇಳಿದಳು. ಎಲ್ಲರಿಗೂ ಅವಳದು ಅಷ್ಟೇ ಉತ್ತರ. ಕೆಲವರು ನಿಜವಾಗಿಯೂ ಬೀದಿ ದಾಟಿ ಹೋಗಿ ಕೇಳಿಬಂದರು. ಸ್ಮೂತನಿಂಗ್ ಮಾಡಿಸಿಕೊಂಡರೆ ವಾರದೊಳಗೆ ಮೊದಲಿನಂತೆಯೇ ಆಗುತ್ತದೆ, ಎದುರಿನ ಕನ್ನಡಕದಕ್ಕನನ್ನೇ ನೋಡಿ, ಎಂಬ ಸುದ್ದಿ ತಾನಾಗಿಯೇ ಕೈಕಾಲು ಬೆಳೆಸಿಕೊಂಡು ಓಡಾಡತೊಡಗಿತು.

ಹೀಗಾಗಿ ಒಂದು ಮಧ್ಯಾಹ್ನ ಸಲೂನಿನ ಒಡತಿ ತಾನೇ ಬೀದಿ ದಾಟಿ ಬಂದಳು.

“ನನ್ನ ವ್ಯಾಪಾರ ಹಾಳು ಮಾಡ್ತಿದ್ದೀರಿ” ಎಂದು ಶುರುಮಾಡಿದಳು. “ನೀವು ನಮ್ಮಲ್ಲಿ ಮಾಡಿಸಿಕೊಂಡೇ ಇಲ್ಲ ಅಂತ ಜನಕ್ಕೆ ಹೇಳಿ.”

“ಅದನ್ನೇ ಹೇಳ್ತಿದ್ದೀನಿ. ಬೋರ್ಡಲ್ಲಿರೋದು ನಾನಲ್ಲ ಅಂತ ನೀವೇ ಅಂದಿದ್ರಲ್ಲ. ಈಗ ಯಾಕೆ ಚಿಂತೆ?”

ಒಡತಿ ಸುತ್ತ ನೋಡಿ ದನಿ ತಗ್ಗಿಸಿದಳು. “ಆಯ್ತು. ಒಂದು ಕೆಲಸ ಮಾಡೋಣ. ನಿಮಗೆ ಪುಕ್ಕಟೆ ಮಾಡಿಕೊಡ್ತೀನಿ. ಒಂದು ಪೈಸೆ ಬೇಡ. ಆಗ ಬೋರ್ಡೂ ನಿಜ ಆಗುತ್ತೆ, ನಿಮ್ಮ ತಲೇನೂ ಸರಿಹೋಗುತ್ತೆ.”

ಕನ್ನಡಕದಕ್ಕ ತಟ್ಟನೆ ಉಗಿದು ಕಳಿಸಿದಳು ಎಂದು ಹೇಳಿದರೆ ಕತೆಗೆ ಚೆಂದ. ಆದರೆ ಹಾಗಾಗಲಿಲ್ಲ. ಅವಳು ಯೋಚಿಸಿದಳು. ಇಷ್ಟು ದಿನ ದುಡ್ಡು ಒಂದು ನೆಪವಾಗಿತ್ತು, ಈಗ ಅದೂ ಇಲ್ಲ. ಹೆಗಲ ಮೇಲೆ ತಣ್ಣಗೆ ಇಳಿಬಿದ್ದ ಕೂದಲನ್ನು ಅವಳು ಚಿಕ್ಕಂದಿನಿಂದ ಎಷ್ಟು ಸಲ ಊಹಿಸಿಕೊಂಡಿದ್ದಳೆಂಬುದು ಅವಳಿಗೇ ಗೊತ್ತು. “ಸರಿ, ಬರ್ತೀನಿ. ಆದ್ರೆ ಆ ‘ನಂತರ’ದವರನ್ನ ಒಂದ್ಸಲ ನೋಡ್ಬೇಕು. ಬುಡದಲ್ಲಿ ಹ್ಯಾಗಿದೆ, ತುದಿ ಹ್ಯಾಗಿದೆ ಅಂತ ಕಣ್ಣಾರೆ ನೋಡಿ ಹೇಳ್ತೀನಿ.”

“ಅವ್ರು ಬೇರೆ ಊರಿಗೆ ಹೋಗಿದ್ದಾರೆ.”

“ಹಾಗಾದ್ರೆ ಬಂದ ಮೇಲೆ ನೋಡೋಣ.”

ಒಡತಿ ಇನ್ನೇನು ಹೇಳುತ್ತಿದ್ದಳೋ. ಅವಳ ಬೆನ್ನ ಹಿಂದೆ, ಯಾರೋ ಗಿರಾಕಿ ಕಾಯುತ್ತಿದ್ದಾರೆಂದು ಕರೆಯಲು ಬಂದಿದ್ದ ಅವಳ ತಂಗಿ ನಿಂತಿದ್ದಳು. ಸಲೂನಿನ ಬಾಗಿಲ ಬಳಿ ಕೂತು ಬಂದವರ ಹೆಸರು ಕೇಳುವ ಹುಡುಗಿ ಅವಳು, ಮುಗ್ಧೆ. “ಬೇರೆ ಊರಿಗೆ ಯಾರಕ್ಕಾ? ಆ ಫೋಟೋ ನಂದಲ್ವಾ?” ಎಂದುಬಿಟ್ಟಳು. ಜಡೆಯನ್ನು ಮುಂದಕ್ಕೆ ಎಳೆದು ಕನ್ನಡಕದಕ್ಕನಿಗೆ ತೋರಿಸಿದಳು. “ನೋಡಿ, ಬುಡ ತುದಿ ಎಲ್ಲಾ ಒಂದೇ. ನಂಗೆ ಹುಟ್ಟಿದಾಗಿಂದ್ಲೂ ಹೀಗೇ.”

ಫ್ರೇಮು ಆರಿಸುತ್ತಿದ್ದ ಇಬ್ಬರು ಗಿರಾಕಿಗಳು ಕನ್ನಡಿಯೊಳಗಿಂದಲೇ ನೋಡುತ್ತಿದ್ದರು. ಯಜಮಾನರು ಒಳಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದರು.

“ಅಂದ್ರೆ ಎರಡು ತಲೆಗೂ ನಿಮ್ಮ ಕ್ರೀಮು ತಾಗಿಲ್ಲ” ಎಂದು ಕನ್ನಡಕದಕ್ಕ ನಿಧಾನವಾಗಿ ಹೇಳಿದಳು.

ಒಡತಿ ತಂಗಿಯನ್ನು ಆಚೆ ಕಳಿಸಿ, ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತಳು. “ಹೊಸ ಅಂಗಡಿ ಮೇಡಂ. ಬೋರ್ಡು ಹಾಕ್ಲೇಬೇಕಿತ್ತು. ಮಾಡಿಸ್ಕೊಂಡವರನ್ನ ಕೇಳ್ದೆ, ಯಾರೂ ಫೋಟೋ ಕೊಡೋಕೆ ಒಪ್ಪಲಿಲ್ಲ. ಮೊದಲಿನ ತಲೆ ಬೀದಿಗೆ ಹಾಕ್ಬೇಡಿ ಅಂದ್ರು.”

“ಅವರನ್ನ ಕೇಳಿದ್ರಿ. ನನ್ನನ್ನ ಯಾಕೆ ಕೇಳಲಿಲ್ಲ?”

ಒಡತಿ ಆ ಪ್ರಶ್ನೆಯನ್ನು ಹಾರಿಸಿಬಿಟ್ಟಳು. ಆದರೆ ಬೇರೆ ಪ್ರಶ್ನೆಗಳಿಗೆ ಅಂದು ಮೊದಲ ಬಾರಿ ನೆಟ್ಟಗಿನ ಉತ್ತರ ಬಂತು. ನಾಲ್ಕೈದು ತಿಂಗಳು ನಿಲ್ಲುತ್ತದೆ. ಬುಡದಿಂದ ಬರುವ ಕೂದಲು ಗುಂಗುರಾಗಿಯೇ ಬರುತ್ತದೆ, ಮೇಲೆ ಸುರುಳಿ ಕೆಳಗೆ ನೇರ ಆದಾಗ ಮತ್ತೆ ಬರಲೇಬೇಕು. ಹೊಗೆ ಒಳ್ಳೆಯದಲ್ಲ, ಅದಕ್ಕೇ ಮಾಸ್ಕು. “ನಿಮ್ಮದು?” ಎಂದು ಕೇಳಿದಾಗ ಒಡತಿ ಕಿವಿಯ ಮೇಲಿನ ಕೂದಲನ್ನು ಸರಿಸಿ ತೋರಿಸಿದಳು. ಅಲ್ಲಿ ಎಳೆಗಳು ಮೋಟಾಗಿ ಮುರಿದು ನಿಂತಿದ್ದವು. “ಇಸ್ತ್ರಿ ಜಾಸ್ತಿ ಆಯ್ತು. ಮೇಲಿನ ಪದರದಿಂದ ಮುಚ್ಚಿರ್ತೀನಿ.”

“ಇಷ್ಟನ್ನೂ ಆವತ್ತೇ ಹೇಳಿದ್ರೆ” ಎಂದಳು ಕನ್ನಡಕದಕ್ಕ, “ಮಾಡಿಸ್ಕೊಂಡೇಬಿಡ್ತಿದ್ನೋ ಏನೋ. ಒಂದ್ಸಲ, ಹೇಗಿರುತ್ತೆ ಅಂತ ನೋಡೋಕೆ. ನಾನೂ ಆಸೆ ಇಲ್ಲದವಳಲ್ಲ. ಈಗ ಪುಕ್ಕಟೆ ಕೊಟ್ರೂ ಬೇಡ. ಬೋರ್ಡು ಇಳಿಸಿ. ಫೋಟೋ ನನ್ನೆದುರಿಗೇ ಅಳಿಸಿ.”

ಒಡತಿ ಮೊಬೈಲು ತೆಗೆದು, ಕೈ ಉದ್ದಕ್ಕೆ ಚಾಚಿ ಹಿಡಿದು, ಕಣ್ಣು ಕಿರಿದು ಮಾಡಿ ಹುಡುಕಿ ಅಳಿಸಿದಳು. ಅಳಿಸಿದ್ದು ಇನ್ನೊಂದು ಕಡೆ ಉಳಿದಿರುತ್ತದಲ್ಲ, ಅಲ್ಲಿಂದಲೂ ತೆಗೆಸಿದ ಮೇಲೆಯೇ ಕನ್ನಡಕದಕ್ಕ ಅವಳನ್ನು ಹೋಗಗೊಟ್ಟಳು. ನಿಮಗೆ ಹತ್ತಿರದ್ದು ಕಾಣುತ್ತಿಲ್ಲ, ಕನ್ನಡಕ ಬೇಕಾಗಿದೆ ಎಂದು ಬಾಯಿಗೆ ಬಂದಿತ್ತು. ಅಂದು ಮಾತ್ರ ಹೇಳಲಿಲ್ಲ.

ಬೋರ್ಡು ಮರುದಿನ ಇಳಿಯಿತು. ಆ ಜಾಗದಲ್ಲಿ ಕ್ರೀಮಿನ ಬಾಟಲಿಯೊಂದರ ಚಿತ್ರ ಬಂತು. “ಗೆದ್ದೆಯಲ್ಲ, ಈಗ ಸಮಾಧಾನ ಆಯ್ತಾ?” ಎಂದು ಗಂಡ ಊಟಕ್ಕೆ ಕೂತಾಗ ಕೇಳಿದ.

“ಇಲ್ಲ. ಇಷ್ಟೆಲ್ಲಾ ಆದ್ಮೇಲೂ ‘ತಪ್ಪಾಯ್ತು’ ಅನ್ನೋ ಒಂದು ಮಾತು ಯಾರ ಬಾಯಿಂದ್ಲೂ ಬರಲಿಲ್ಲ. ಆಕೆ ಹೇಳಲಿಲ್ಲ, ನಮ್ಮ ಯಜಮಾನ್ರೂ ಹೇಳಲಿಲ್ಲ. ಅಕ್ಕ ಅಂತೂ, ಪುಕ್ಕಟೆ ಬಂದಿದ್ದನ್ನ ಬಿಟ್ಟೆಯಲ್ಲಾ ಅಂತ ನನಗೇ ಬೈದ್ಲು.”

“ಹೋಗ್ಲಿ ಬಿಡು.”

“ಎಲ್ಲರೂ ಬಿಡು ಅನ್ನೋರೇ” ಎಂದು ಅವಳು ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಗಂಡ ನೀರಿನ ಲೋಟವನ್ನು ಅವಳತ್ತ ಸರಿಸಿದ.

ಆ ಸಿಟ್ಟು ತಿಂಗಳುಗಟ್ಟಲೆ ಆರಲಿಲ್ಲ. ಸ್ಮೂತನಿಂಗ್ ಮಾಡಿಸಲೋ ಬೇಡವೋ ಎಂದು ಯಾರಾದರೂ ಕೇಳಿದರೆ ಅವಳು ಬೇಡ ಎನ್ನುತ್ತಿರಲಿಲ್ಲ. ಎಷ್ಟು ತಿಂಗಳು ನಿಲ್ಲುತ್ತದೆ ಕೇಳಿ, ಬುಡದ ಮಾತು ಕೇಳಿ, ಮಾಡಿಸಿಕೊಂಡವರ ತಲೆ ಮುಟ್ಟಿ ನೋಡಿ, ಕಿಟಕಿ ತೆಗೆಸಿ ಕೂತುಕೊಳ್ಳಿ, ಫೋಟೋ ತೆಗೆದರೆ ಯಾಕೆಂದು ಕೇಳಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಕಳಿಸುತ್ತಿದ್ದಳು. ಔಷಧಿ ಅಂಗಡಿಯ ಹುಡುಗಿ ಅಷ್ಟನ್ನೂ ಕೇಳಿ ಹೋಗಿ, ಬೇರೊಂದು ಸಲೂನಿನಲ್ಲಿ ಮಾಡಿಸಿಕೊಂಡು ಬಂದಳು. ಕನ್ನಡಕ ಸಡಿಲವಾಗಿದೆಯೆಂದು ಬಂದವಳು ತಲೆಯನ್ನು ಅತ್ತಿತ್ತ ತಿರುಗಿಸಿ, “ಹ್ಯಾಗಿದೆ ಅಕ್ಕಾ?” ಎಂದು ಅಳುಕುತ್ತ ಕೇಳಿದಳು.

ಕನ್ನಡಕದಕ್ಕ ಅವಳ ಕಿವಿಯ ಬಳಿಯ ಕೂದಲನ್ನು ಎರಡು ಬೆರಳಿಂದ ಹಿಡಿದು ನೋಡಿದಳು. ನುಣ್ಣಗಿತ್ತು, ಬೆರಳಿನಿಂದ ಜಾರಿಹೋಯಿತು.

“ಚೆನ್ನಾಗಿದೆ” ಎಂದಳು. ನಿಜವಾಗಿಯೂ ಚೆನ್ನಾಗಿತ್ತು. ಆಮೇಲೆ ಫ್ರೇಮಿನ ಕಡ್ಡಿಯನ್ನು ಬಿಸಿ ಗಾಳಿಗೆ ಹಿಡಿದಳು.